ಸೂರ್ಯನಿಗೆ ಹತ್ತಿರವಾದರೂ ಬೆಟ್ಟವೇಕೆ ತಂಪು?

ಎಲ್ಲರಿಗೂ ನಮಸ್ಕಾರ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ನಂದಿಬೆಟ್ಟದ ತುದಿ 1,478 ಮೀಟರ್. ಬೆಟ್ಟ ಹತ್ತಿದವರು ಸೂರ್ಯನಿಗೆ ಅರ್ಧ ಕಿಲೋಮೀಟರ್ ಹತ್ತಿರವಾದರೂ ಶಾಲು ಹುಡುಕುತ್ತಾರೆ. ಏಕೆಂದು ಮಕ್ಕಳು ಕೇಳಿದರೆ ‘ಮೇಲೆ ಗಾಳಿ ತೆಳು’ ಎಂದು ಹೇಳಿ ಮುಗಿಸುತ್ತೇವೆ. ಅದು ಅರ್ಧ ಉತ್ತರ. ಆ ಮಕ್ಕಳಿಗೆ ಪೂರ್ತಿ ಉತ್ತರ ಸಿಗಬೇಕೆಂಬುದು ನನ್ನ ಆಸೆ.

ಸೂರ್ಯ ಇರುವುದು 15 ಕೋಟಿ ಕಿಲೋಮೀಟರ್ ಆಚೆ. ಆ ದೂರದ ಮುಂದೆ ಬೆಟ್ಟದ ಎತ್ತರ ಲೆಕ್ಕಕ್ಕೇ ಬಾರದು. ಬಿಸಿಲಿನ ಹೆಚ್ಚಿನ ಪಾಲು ಗಾಳಿಯನ್ನು ಹಾದು ಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಗಾಳಿಯ ಒಲೆ ಉರಿಯುವುದು ಕೆಳಗೆ.

ಹಾಗಾದರೆ ಬಿಸಿಯಾದ ಗಾಳಿ ಮೇಲೇರಿ ಬೆಟ್ಟವನ್ನೂ ಬೆಚ್ಚಗಾಗಿಸಬೇಕಲ್ಲವೇ? ಇದು ಕೇಳಲೇಬೇಕಾದ ಪ್ರಶ್ನೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿ: ಬಿಸಿಯಾಗಿರುತ್ತದೆ. ಅದುಮಿದ ಗಾಳಿ ಬಿಸಿಯಾಗುತ್ತದೆ, ಹಿಗ್ಗಿದ ಗಾಳಿ ತಣಿಯುತ್ತದೆ. ಮೇಲೆ ಒತ್ತಡ ಕಡಿಮೆ. ಏರುವ ಗಾಳಿ ಸುತ್ತಲಿನ ಗಾಳಿಯನ್ನು ತಳ್ಳುತ್ತಾ ಹಿಗ್ಗುತ್ತದೆ. ತಳ್ಳುವ ಆ ಕೆಲಸಕ್ಕೆ ಬೇಕಾದ ಶಕ್ತಿಯನ್ನು ತನ್ನ ಬಿಸಿಯಿಂದಲೇ ತೆರುತ್ತದೆ. ಹೊರಗಿನ ಯಾವುದಕ್ಕೂ ಶಾಖ ಕೊಡದೆಯೇ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿ ಸೆಲ್ಸಿಯಸ್ ತಣಿಯುತ್ತದೆ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ.

ಇದು ಒಣಗಾಳಿಯ ಮಾತು. ಅರಬ್ಬೀ ಸಮುದ್ರದಿಂದ ಬಂದು ಪಶ್ಚಿಮ ಘಟ್ಟ ಏರುವ ಮುಂಗಾರಿನ ಗಾಳಿಯಲ್ಲಿ ನೀರಾವಿ ತುಂಬಿರುತ್ತದೆ. ಆವಿ ಹನಿಯಾಗುವಾಗ, ಕಡಲಲ್ಲಿ ಆವಿಯಾಗುವಾಗ ಹೀರಿದ್ದ ಶಾಖವನ್ನು ಬಿಟ್ಟುಕೊಡುತ್ತದೆ. ಹಾಗಾಗಿ ಆ ಗಾಳಿ ನಿಧಾನವಾಗಿ ತಣಿಯುತ್ತದೆ. ಭೂಮಿಯ ಒಟ್ಟು ಸರಾಸರಿ ಕಿಲೋಮೀಟರಿಗೆ 6.5 ಡಿಗ್ರಿ. ಈ ಲೆಕ್ಕದಲ್ಲಿ ನಂದಿಬೆಟ್ಟ ಬೆಂಗಳೂರಿಗಿಂತ ಮೂರೂವರೆ ಡಿಗ್ರಿಯಷ್ಟು ತಂಪು.

ಆದರೆ ಮಾಗಿಯ ನಸುಕಿನಲ್ಲಿ ಲೆಕ್ಕ ತಿರುವುಮುರುವಾಗಬಹುದು. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಬೇಗ ತಣಿಯುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣಿದು ತಗ್ಗಿಗೆ ಇಳಿದು ನಿಲ್ಲುತ್ತದೆ. ಕೆಳಗೆ ಮಂಜು, ಮೇಲೆ ಹೊಂಬಿಸಿಲು. ಇದಕ್ಕೆ ಉಷ್ಣಾಂಶದ ವಿಲೋಮತೆ ಎನ್ನುತ್ತಾರೆ.

ಮೇಲೇರಿದಷ್ಟೂ ಚಳಿ ಹೆಚ್ಚುತ್ತಲೇ ಹೋಗುವುದೇ? ಹಾಗೆಂದೇ ಬಹಳ ಕಾಲ ನಂಬಿದ್ದರು. ಫ್ರಾನ್ಸಿನ ಹವಾಮಾನ ವಿಜ್ಞಾನಿ ಟೇಸರಾಂ ದ ಬೋರ್ ಪ್ಯಾರಿಸ್ ಬಳಿಯ ಟ್ರಾಪ್‌ನಿಂದ ಉಪಕರಣ ಕಟ್ಟಿದ ಇನ್ನೂರಕ್ಕೂ ಹೆಚ್ಚು ಬಲೂನುಗಳನ್ನು ಹಾರಿಸಿದರು. ಸುಮಾರು 11 ಕಿಲೋಮೀಟರಿನಾಚೆ ಉಷ್ಣಾಂಶ ಇಳಿಯುವುದು ನಿಂತಿತ್ತು. ಬಿಸಿಲು ಉಪಕರಣವನ್ನೇ ಕಾಯಿಸಿರಬಹುದೆಂಬ ಶಂಕೆ ತೀರಿಸಿಕೊಳ್ಳಲು ರಾತ್ರಿಯೂ ಹಾರಿಸಿ, 1902ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ತಾಳ್ಮೆಗೆ ನಾನು ತಲೆಬಾಗುತ್ತೇನೆ. ನಮ್ಮ ಪಠ್ಯಪುಸ್ತಕಗಳ ‘ಸಮೋಷ್ಣ ಮಂಡಲ’ ಅದೇ ಪದರ. ಅಲ್ಲಿ ಓಝೋನ್ ಸೂರ್ಯನ ನೇರಳಾತೀತ ಕಿರಣಗಳನ್ನು ಹಿಡಿದು ಗಾಳಿಯನ್ನು ಕಾಯಿಸುತ್ತದೆ, ಅಂದರೆ ಅಲ್ಲೊಂದು ಎರಡನೆಯ ಒಲೆ. 50 ಕಿಲೋಮೀಟರ್ ಎತ್ತರದಲ್ಲಿ ಉಷ್ಣಾಂಶ ಮತ್ತೆ ಸೊನ್ನೆಯ ಆಸುಪಾಸಿಗೆ ಬರುತ್ತದೆ.

ಉಷ್ಣಾಂಶ ಇಳಿಯುವುದು ನಿಲ್ಲುವ ಆ ಗಡಿಯನ್ನು ಬಲೂನಿಲ್ಲದೆಯೂ ನೋಡಬಹುದು. ಮೇ ತಿಂಗಳ ಸಂಜೆ ಬಯಲುಸೀಮೆಯಲ್ಲಿ ದೂರದ ಗುಡುಗುಮೋಡವನ್ನು ಗಮನಿಸಿ. ಹೂಕೋಸಿನಂತೆ ಉಬ್ಬುತ್ತಾ ಏರಿದ ಮೋಡ ತನಗಿಂತ ಬೆಚ್ಚಗಿನ ಗಾಳಿ ಎದುರಾದಾಗ ಮೇಲೇರಲಾರದೆ, ನೆತ್ತಿ ಚಪ್ಪಟೆಯಾಗಿ ಪಕ್ಕಕ್ಕೆ ಹರಡಿಕೊಳ್ಳುತ್ತದೆ.