ಕವಳದ ಸಂಚಿಯೊಳಗಿನ ಮಾತ್ರೆಗಳು

(ತೀರ್ಥಹಳ್ಳಿಯಲ್ಲಿ ಹಿರಿಯರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ)

ಹಿರಿಯರಿಗೆಲ್ಲ ನಮಸ್ಕಾರ. ನುಂಗುತ್ತಿರುವುದು, ಅರ್ಧಕ್ಕೆ ಬಿಟ್ಟದ್ದು, ಯಾತಕ್ಕೆಂದು ಮರೆತೇ ಹೋದದ್ದು, ಹೀಗೆ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬನ್ನಿ ಎಂದು ಹೇಳಿಕಳಿಸಿದ್ದೆ. ಈ ಮಳೆಯಲ್ಲೂ ತಂದಿದ್ದೀರಿ. ಬಟ್ಟೆ ಅಂಗಡಿಯ ಕೈಚೀಲ, ಬಿಸ್ಕತ್ತಿನ ಡಬ್ಬಿ ಎಲ್ಲ ಕಾಣುತ್ತಿವೆ. ಎರಡನೆಯ ಸಾಲಿನ ಯಜಮಾನರು ಕವಳದ ಸಂಚಿಯಲ್ಲೇ ತಂದಿದ್ದಾರೆ. ಒಂದು ಪದರದಲ್ಲಿ ಅಡಿಕೆ, ಇನ್ನೊಂದರಲ್ಲಿ ಬಿಪಿ ಮಾತ್ರೆ. ನಗಬೇಡಿ. ದಿನಕ್ಕೆ ಹತ್ತು ಸಲ ಕೈ ಹೋಗುವ ಜಾಗದಲ್ಲಿ ಇಟ್ಟ ಮಾತ್ರೆ ಮರೆತುಹೋಗುವುದಿಲ್ಲ. ಸುಣ್ಣದ ಡಬ್ಬಿಯಿಂದ ದೂರವಿಡಿ, ಅಷ್ಟು ಸಾಕು.

ನಾನು ಡಾಕ್ಟರಲ್ಲ. ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ 30 ವರ್ಷ ನಿಂತವನು. ‘ಇದು ಬೆಳಿಗ್ಗೆ, ಇದು ರಾತ್ರಿ, ಇದು ಊಟಕ್ಕೆ ಮೊದಲು’ ಎಂದು ಹೇಳಿ ಮುಗಿಸಲು ನನಗೆ ಹತ್ತು ಸೆಕೆಂಡು ಸಾಕಾಗುತ್ತಿತ್ತು. ಕಿಟಕಿಯಾಚೆಯವರು ‘ಹೂಂ’ ಎನ್ನುತ್ತಿದ್ದರು. ಆ ‘ಹೂಂ’ ಅರ್ಥವಾಗಿ ಬಂದದ್ದಲ್ಲ, ಹಿಂದೆ ಸಾಲು ನಿಂತಿದೆಯಲ್ಲ ಎಂಬ ಸಂಕೋಚದಿಂದ ಬಂದದ್ದು ಎಂದು ತಿಳಿಯುವ ಹೊತ್ತಿಗೆ ನನ್ನ ಅರ್ಧ ಸರ್ವೀಸು ಮುಗಿದಿತ್ತು.

ಇಲ್ಲಿರುವ ಹೆಚ್ಚಿನವರು ತೋಟದವರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಲೆಕ್ಕ ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತೀರಿ: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ತಿರುಗುಮುರುಗು ಮಾಡಿದರೆ ಕೆಟ್ಟಿತು. ಹೊಳೆಯುವ ಚಾಕು ಅದ್ದಿ ನೋಡಬೇಕು; ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಬೇಕು. 40-45 ದಿನ ಬಿಟ್ಟು ಎರಡನೆಯ ಸಲ. ಮರಕ್ಕೆ ಹೊಡೆಯುವುದನ್ನೂ ನಾವು ಔಷಧಿ ಎನ್ನುತ್ತೇವೆ, ನುಂಗುವುದನ್ನೂ ಔಷಧಿ ಎನ್ನುತ್ತೇವೆ. ಮರದ ಔಷಧಿಯಲ್ಲಿ ಇರುವ ಯಜಮಾನಿಕೆ ಮೈಯ ಔಷಧಿಗೆ ಬಂದಾಗ ಎಲ್ಲಿ ಹೋಗುತ್ತದೆ? ‘ಅದೆಲ್ಲ ಬೆಂಗಳೂರಿನ ಮಗನಿಗೆ ಗೊತ್ತು’ ಎನ್ನುತ್ತೀರಿ. ನುಂಗುವವರು ನೀವು, ಗೊತ್ತಿರುವುದು ಅವನಿಗೆ!

ಮುಂದಿನ ಸಾಲಿನ ಅಮ್ಮನ ಒಪ್ಪಿಗೆ ಪಡೆದು ಅವರ ಚೀಲವನ್ನು ಈ ಮೇಜಿನ ಮೇಲೆ ಸುರಿದಿದ್ದೇನೆ. ಹನ್ನೊಂದು ಸ್ಟ್ರಿಪ್‌ಗಳು. ಈ ಎರಡನ್ನು ನೋಡಿ: ಒಂದು ನೀಲಿ, ಒಂದು ಬೆಳ್ಳಿ ಬಣ್ಣ, ಹೆಸರು ಬೇರೆ, ಕಂಪನಿ ಬೇರೆ. ಕಂಪನಿ ಇಟ್ಟ ಹೆಸರನ್ನು ಬಿಟ್ಟು ಮದ್ದಿನ ಹೆಸರನ್ನು ಓದಿದರೆ ಎರಡರ ಮೇಲೂ ಇರುವುದು ಒಂದೇ, ಬಿಪಿ ಇಳಿಸುವ ಟೆಲ್ಮಿಸಾರ್ಟನ್ 40. ಒಂದನ್ನು ಊರಿನ ಡಾಕ್ಟರು ಬರೆದದ್ದು, ಇನ್ನೊಂದನ್ನು ಘಟ್ಟದ ಕೆಳಗಿನವರು. ಇಬ್ಬರದ್ದೂ ತಪ್ಪಿಲ್ಲ, ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿಲ್ಲ. ಅಮ್ಮ ಎರಡನ್ನೂ ನಿಷ್ಠೆಯಿಂದ ನುಂಗುತ್ತಿದ್ದಾರೆ. ಬೆಳಿಗ್ಗೆ ಎದ್ದು ನಿಂತರೆ ತಲೆ ಸುತ್ತುತ್ತದೆಯಂತೆ. ಅದಕ್ಕೆಂದು ಇಗೋ, ತಲೆಸುತ್ತಿನ ಮಾತ್ರೆ ಬೀಟಾಹಿಸ್ಟಿನ್! ಮಾತ್ರೆಯಿಂದ ಬಂದಿರಬಹುದಾದ ತೊಂದರೆಗೆ ಇನ್ನೊಂದು ಮಾತ್ರೆ. ಬಿಪಿಯ ಇನ್ನೊಂದು ಮಾತ್ರೆ ಅಮ್ಲೋಡಿಪಿನ್ ತೆಗೆದುಕೊಂಡು ಪಾದ ಊದಿದವರಿಗೆ ಮೂತ್ರ ಹೋಗಿಸುವ ಮಾತ್ರೆ ಸೇರಿಕೊಳ್ಳುವುದೂ ಹೀಗೆಯೇ. ಅದನ್ನು ಸಂಜೆ ನುಂಗಿದರಂತೂ ಮುಗಿಯಿತು; ಆಷಾಢದ ರಾತ್ರಿ, ಕರೆಂಟಿಲ್ಲ, ಪಾಚಿ ಕಟ್ಟಿದ ಅಂಗಳ ದಾಟಿ ಹಿತ್ತಿಲಿಗೆ ಮೂರು ಸಲ. ಸೊಂಟ ಮುರಿಯಲು ಇನ್ನೇನು ಬೇಕು?

ಅಮ್ಮನ ವಿಷಯ ನಾಳೆಗೆ ಬಿಡುವಂಥದ್ದಲ್ಲ. ಸಭೆ ಮುಗಿದ ಕೂಡಲೇ, ಮುಂದಿನ ಮಾತ್ರೆ ನುಂಗುವ ಮೊದಲು, ಅವರ ಡಾಕ್ಟರಿಗೆ ಫೋನ್ ಮಾಡೋಣ. ನಾನಾಗಿ ಯಾವುದನ್ನೂ ಬಿಡಿ ಎನ್ನುವುದಿಲ್ಲ, ನೀವೂ ನಿಮ್ಮಷ್ಟಕ್ಕೆ ಬಿಡಬಾರದು.

ಇನ್ನೊಂದು ಸ್ಟ್ರಿಪ್ ನೋಡಿ, ಹೆಸರಿಲ್ಲ, ತಾರೀಖಿಲ್ಲ. ‘ಆರೇ ಕೊಡಿ’ ಎಂದು ಅಂಗಡಿಯಲ್ಲಿ ಕತ್ತರಿಸಿಕೊಂಡು ತಂದದ್ದು. ಹೆಸರಿನ ತುಂಡು ಅಂಗಡಿಯಲ್ಲೇ ಉಳಿದಿದೆ. ಮುಂದೆ ಹೆಸರಿರುವ ಭಾಗವನ್ನೇ ಕೇಳಿ ಪಡೆಯಿರಿ. ಇದ್ದರೂ ಅದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಚಹಾಪುಡಿಯ ಪೊಟ್ಟಣಕ್ಕೆ ಸಿಕ್ಕಿದ ಕನ್ನಡ ಮಾತ್ರೆಯ ಸ್ಟ್ರಿಪ್‌ಗೆ ಇನ್ನೂ ಸಿಕ್ಕಿಲ್ಲ. ಅಲ್ಲಿಯವರೆಗೆ ಕಾಗದದ ಚೂರು ಅಂಟಿಸಿ ‘ಬಿಪಿ, ಬೆಳಿಗ್ಗೆ’ ಎಂದು ನೀವೇ ಬರೆಯಿರಿ.

ಈಗ ನನ್ನ ಮನೆಯ ಕಥೆ. ನನ್ನ ತಾಯಿ ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದರು. ಒಂದು ಏಕಾದಶಿ, ನಿರಾಹಾರ. ಮಾತ್ರೆಯನ್ನು ಮಾತ್ರ ಬಿಡಲಿಲ್ಲ, ಮಗ ಹೇಳಿದ್ದಾನಲ್ಲ! ಹನ್ನೊಂದು ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಲಕ್ವ ಹೊಡೆಯಿತೆಂದು ಮನೆಯವರು ಅಳತೊಡಗಿದರು. ಪಕ್ಕದ ಮನೆಯ ನರ್ಸ್ ಓಡಿ ಬಂದು ಮೂರು ಚಮಚ ಸಕ್ಕರೆ ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ‘ಏಕಾದಶಿ ಕೆಡಿಸಿದಿರಲ್ಲ’ ಎಂದು ತಾಯಿ ಬೈದರು. ಊರಿಗೆಲ್ಲ ಮಾತ್ರೆ ಹಂಚಿದ ನಾನು ಈ ಒಂದು ಮಾತನ್ನು ಮನೆಯಲ್ಲಿ ಹೇಳಿರಲಿಲ್ಲ. ಉಪವಾಸವಿದ್ದರೆ ಸಕ್ಕರೆ ಮಾತ್ರೆಯನ್ನು ಏನು ಮಾಡಬೇಕೆಂದು ಹಿಂದಿನ ವಾರವೇ ಡಾಕ್ಟರನ್ನು ಕೇಳಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹುಯ್ಯಬೇಡಿ. ಚೇತರಿಸಿಕೊಂಡರೂ ಊಟ ಮಾಡಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಮಾತ್ರೆಯಿಂದ ಇಳಿದ ಸಕ್ಕರೆ ಮತ್ತೆ ಇಳಿಯಬಹುದು.

ಮಂಡಿನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗ್ಗೆ ನನಗೆ ಸಿಟ್ಟೇ ಇದೆ. ವಯಸ್ಸಾದಂತೆ ಕಿಡ್ನಿಯ ಕಸುವು ಕಡಿಮೆಯಾಗುತ್ತದೆ. ಬಿಪಿಯ ಟೆಲ್ಮಿಸಾರ್ಟನ್, ಮೂತ್ರ ಹೋಗಿಸುವ ಮಾತ್ರೆ, ಜೊತೆಗೆ ಈ ನೋವಿನ ಮಾತ್ರೆ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಕಷಾಯವೂ ಲೆಕ್ಕಕ್ಕೆ ಬರುತ್ತದೆ: ಜೇಷ್ಠಮಧು ದಿನವೂ ಹೆಚ್ಚಾಗಿ ಹೋದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ನಾಟಿ ಔಷಧಿಯನ್ನು ಡಾಕ್ಟರಿಂದ ಮುಚ್ಚಿಡಬೇಡಿ, ಬೈದರೆ ಬೈಯಲಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದರಲ್ಲಿ ರಕ್ತಸ್ರಾವದ ಭಯವಿದೆ. ಕಾಡಿನಂಚಿನವರಿಗೆ ಬೇಸಿಗೆಯಲ್ಲಿ ಜ್ವರ ಬಂದರೆ, ಹೃದಯಕ್ಕೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವುದನ್ನು ಮೊದಲ ಮಾತಿನಲ್ಲೇ ಹೇಳಬೇಕು.

ಡಾಕ್ಟರ ಮುಂದೆ ಕೂತಾಗ ‘ಇದು ಯಾತಕ್ಕೆ, ಎಷ್ಟು ದಿನ’ ಎಂದು ಕೆಲವರಾದರೂ ಕೇಳುತ್ತೀರಿ. ‘ಹಳೆಯದರಲ್ಲಿ ಯಾವುದನ್ನಾದರೂ ನಿಲ್ಲಿಸಬಹುದೇ’ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಅದನ್ನು ಕೇಳಿ.

ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಹಂಚುತ್ತಿದ್ದೇವೆ. ಖಾಲಿ ಬದಿಯಲ್ಲಿ ಮಾತ್ರೆಯ ಹೆಸರು, ಯಾತಕ್ಕೆ, ಯಾವ ಹೊತ್ತಿಗೆ, ಬರೆದುಕೊಟ್ಟವರು ಯಾರು ಎಂದು ನಾಲ್ಕು ಸಾಲು ಎಳೆಯಿರಿ. ಬರೆಯಲಾಗದವರ ಪಕ್ಕ ಕಾಲೇಜಿನ ಮಕ್ಕಳು ಕೂರುತ್ತಾರೆ, ಆದರೆ ಹೇಳುವವರು ನೀವೇ ಆಗಬೇಕು. ಯಜಮಾನರೇ, ನಿಮ್ಮ ಸಂಚಿಯಿಂದಲೇ ಶುರು ಮಾಡೋಣ. ಅಡಿಕೆಯನ್ನು ಆಚೆ ಪದರಕ್ಕೆ ಸರಿಸಿ.