ಎಣ್ಣೆಯ ಇಂಕು, ನೀರಿನ ಇಂಕು: ಆಫ್‌ಸೆಟ್ ಜಾಗಕ್ಕೆ ಇಂಕ್‌ಜೆಟ್ ಬರಬಹುದೇ?

ನೀವು ಈಗ ಕೇಳುತ್ತಿರುವ ಸದ್ದು ಒಮ್ಮೆಗೆ ಒಂದೇ ಬಣ್ಣವನ್ನು ಬಿಡಿ ಹಾಳೆಗಳ ಮೇಲೆ ಮುದ್ರಿಸುವ ಶೀಟ್‌ಫೆಡ್ ಆಫ್‌ಸೆಟ್ ಯಂತ್ರದ್ದು. ಸಕ್ಕರ್‌ಗಳು ಹಾಳೆಯನ್ನು ಎತ್ತಿ, ಗ್ರಿಪ್ಪರ್‌ಗಳು ಅದನ್ನು ಕಚ್ಚಿ ಹಿಡಿದು ಸಿಲಿಂಡರಿನ ಕೈಗೊಪ್ಪಿಸುವ ಈ ತಾಳ ನನ್ನ ಕಿವಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಅದರಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಪಕ್ಕದ ಕೋಣೆಯಲ್ಲಿ ಕುಳಿತೇ ಹಾಳೆ ಎರಡೆರಡಾಗಿ ಹೋಗುತ್ತಿದೆ ಎಂದು ಹೇಳಬಲ್ಲೆ. ಅದರ ಎದುರಿನ ಮೇಜಿನ ಮೇಲಿರುವುದು ಬಾಟಲಿಯಿಂದ ಇಂಕು ತುಂಬುವ ಇಂಕ್‌ಜೆಟ್ ಪ್ರಿಂಟರ್. ಕೆಲವು ತಿಂಗಳುಗಳಿಂದ ಒಂದೇ ಕೆಲಸವನ್ನು ಎರಡರಲ್ಲೂ ಮಾಡಿಸಿ, ಹಾಳೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ. ಇಂತಹ ಪುಟ್ಟ ಯಂತ್ರ ಆ ದೊಡ್ಡ ಯಂತ್ರದ ಜಾಗಕ್ಕೆ ಬರಬಲ್ಲದೇ ಎಂಬ ಪ್ರಶ್ನೆಯ ಕುರಿತ ವಿಡಿಯೊ ಇದು.

ಈ ಪ್ರಶ್ನೆ ಹುಟ್ಟಿದ್ದು ಯಂತ್ರಗಳಿಂದಲ್ಲ, ಬರುವ ಕೆಲಸಗಳಿಂದ. ಒಮ್ಮೆಗೇ ಸಾವಿರಗಟ್ಟಲೆ ಕರಪತ್ರ ಮುದ್ರಿಸಿ ಕಟ್ಟಿಡುತ್ತಿದ್ದ ಗಿರಾಕಿಗಳು ಈಗ ಮೊದಲು ಇನ್ನೂರು ಸಾಕು, ಬೇಕಾದರೆ ತಿದ್ದಿ ಮತ್ತೆ ಹೇಳುತ್ತೇವೆ ಎನ್ನುತ್ತಾರೆ. ಅವರ ದೃಷ್ಟಿಯಲ್ಲಿ ಅದು ಸರಿಯಾದ ಮಾತೇ. ಆದರೆ ಇನ್ನೂರಕ್ಕೂ ಎರಡು ಸಾವಿರಕ್ಕೂ ಆಫ್‌ಸೆಟ್ ಕೇಳುವ ಪ್ಲೇಟುಗಳ, ಅಂದರೆ ಅಚ್ಚಿನ ತಗಡುಗಳ, ಸಂಖ್ಯೆ ಒಂದೇ. ನಾಲ್ಕು ಬಣ್ಣದ ಕೆಲಸವನ್ನು ಒಂದು ಬಣ್ಣದ ಯಂತ್ರದಲ್ಲಿ ಮಾಡುವಾಗ ನಾಲ್ಕು ಪ್ಲೇಟು, ನಾಲ್ಕು ಸಲ ರೋಲರ್ ತೊಳೆಯುವುದು, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಬೀಳುವಂತೆ ನಾಲ್ಕು ಸಲ ರಿಜಿಸ್ಟ್ರೇಶನ್ ಕೂರಿಸುವುದು, ಇಂಕು ಮತ್ತು ನೀರು ಹದಕ್ಕೆ ಬರುವವರೆಗೆ ಹಾಳಾಗುವ ಹಾಳೆಗಳು, ಇವೆಲ್ಲ ಮೊದಲ ಒಳ್ಳೆಯ ಪ್ರತಿ ಹೊರಬರುವ ಮುನ್ನವೇ ಆಗಿಹೋಗುವ ಖರ್ಚು.

ಇಂಕು ಮತ್ತು ನೀರಿನ ಹದ ಎಂದೆನಲ್ಲ, ನನ್ನ ಇಡೀ ಲೆಕ್ಕಾಚಾರ ನಿಂತಿರುವುದೇ ಅದರ ಮೇಲೆ. 1796ರ ಸುಮಾರಿಗೆ ಅಲೋಯ್ಸ್ ಸೆನೆಫೆಲ್ಡರ್ ಕಲ್ಲಚ್ಚನ್ನು ಕಂಡುಹಿಡಿದಾಗ ಆಧಾರವಾಗಿ ಹಿಡಿದದ್ದು ಎಣ್ಣೆ ಮತ್ತು ನೀರು ಬೆರೆಯುವುದಿಲ್ಲವೆಂಬ ಸರಳ ಸಂಗತಿಯನ್ನು. ಇಂದಿನ ಅಲ್ಯೂಮಿನಿಯಂ ಪ್ಲೇಟಿನ ಮೇಲೂ ಅಕ್ಷರವಿರುವ ಜಾಗ ಎಣ್ಣೆಯ ಇಂಕನ್ನು ಹಿಡಿದುಕೊಳ್ಳುತ್ತದೆ, ಖಾಲಿ ಜಾಗ ನೀರನ್ನು ಹಿಡಿದು ಇಂಕನ್ನು ದೂರವಿಡುತ್ತದೆ. ಪ್ಲೇಟಿನಿಂದ ರಬ್ಬರ್ ಬ್ಲ್ಯಾಂಕೆಟ್‌ಗೆ, ಅಲ್ಲಿಂದ ಕಾಗದಕ್ಕೆ ಚಿತ್ರ ದಾಟುತ್ತದೆ. ಇಲ್ಲಿ ನೀರು ಬರೀ ಕಾವಲುಗಾರ, ಕಾಗದಕ್ಕೆ ತಲುಪುವ ಅದರ ಪ್ರಮಾಣ ತೀರಾ ಕಡಿಮೆ. ಇಂಕ್‌ಜೆಟ್‌ನಲ್ಲಿ ಇದು ತಿರುವುಮುರುವಾಗಿದೆ. ಸಣ್ಣ ಇಂಕ್‌ಜೆಟ್‌ಗಳ ಇಂಕಿನಲ್ಲಿ ಬಹುಪಾಲು ಇರುವುದೇ ನೀರು. ಬಣ್ಣವನ್ನು ಹೊತ್ತು ತರುವ ವಾಹನವೂ ಅದೇ. ಕೆಲವೇ ಪಿಕೊಲೀಟರ್ ಗಾತ್ರದ ಹನಿಗಳನ್ನು, ಅಂದರೆ ಒಂದು ಲೀಟರಿನ ಲಕ್ಷ ಕೋಟಿಯ ಕೆಲವು ಪಾಲಿನಷ್ಟು ಚಿಕ್ಕ ಹನಿಗಳನ್ನು, ನಾಸಲ್‌ಗಳೆಂಬ ಸೂಕ್ಷ್ಮ ರಂಧ್ರಗಳು ನೇರವಾಗಿ ಕಾಗದದ ಮೇಲೆ ಎಸೆಯುತ್ತವೆ. ಹನಿ ಎಷ್ಟೇ ಚಿಕ್ಕದಾದರೂ ಲಕ್ಷಾಂತರ ಹನಿ ಸೇರಿದಾಗ ಹಾಳೆ ಒದ್ದೆಯಾಗುತ್ತದೆ.

ಕ್ಯಾಮೆರಾವನ್ನು ಸ್ವಲ್ಪ ಹತ್ತಿರ ತರುತ್ತೇನೆ, ಈ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಾಗ ಕಾಣುವ ಅಲೆಗಳನ್ನು ಗಮನಿಸಿ. ದಟ್ಟ ನೀಲಿಯ ಪಟ್ಟಿ ಬಂದ ಕಡೆ ನಾರುಗಳು ನೀರು ಕುಡಿದು ಉಬ್ಬಿವೆ, ಬಿಳಿಯಾಗಿ ಉಳಿದ ಕಡೆ ಉಬ್ಬಿಲ್ಲ, ಆದ್ದರಿಂದ ಹಾಳೆ ಸುಕ್ಕಾಗಿದೆ. 70 ಜಿಎಸ್‌ಎಂ ಕಾಗದದಲ್ಲಿ, ಅಂದರೆ ಒಂದು ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದದಲ್ಲಿ, ಈ ದೋಷ ಎದ್ದು ಕಾಣುತ್ತದೆ. ಎರಡೂ ಬದಿ ಮುದ್ರಿಸಿದರೆ ಹಿಂದಿನ ಪುಟದ ಚಿತ್ರ ಈ ಕಡೆಗೂ ಇಣುಕುತ್ತದೆ. 100 ಜಿಎಸ್‌ಎಂಗೆ ಹೋದಾಗ ದೋಷ ಬಹಳ ತಗ್ಗಿತು, ಆದರೆ ಕಾಗದದ ಖರ್ಚು ಏರಿತು. ಆರ್ಟ್ ಪೇಪರಿನದು ಬೇರೆಯೇ ಕಥೆ. ಆಫ್‌ಸೆಟ್‌ಗೆಂದು ಮಾಡಿದ ಆ ನುಣುಪಾದ ಲೇಪನ ನೀರಿನ ಇಂಕನ್ನು ಬೇಗ ಹೀರಿಕೊಳ್ಳುವುದಿಲ್ಲ. ಹೊರಬಂದು ಬಹಳ ಹೊತ್ತಾದ ಮೇಲೆ ಹೆಬ್ಬೆರಳಿನಿಂದ ಒರೆಸಿದರೂ ಬಣ್ಣ ಜಾರಿತು. ಇಂಕ್‌ಜೆಟ್‌ಗೆಂದೇ ಸಂಸ್ಕರಿಸಿದ ಕಾಗದಗಳಿವೆ; ಅವುಗಳ ಮೇಲ್ಮೈಯಲ್ಲಿ ಕ್ಯಾಲ್ಸಿಯಂ ಕ್ಲೋರೈಡಿನಂತಹ ಲವಣವನ್ನು ಸೇರಿಸಿರುತ್ತಾರೆ. ಅದು ಪಿಗ್‌ಮೆಂಟಿನ, ಅಂದರೆ ನೀರಿನಲ್ಲಿ ಕರಗದ ಬಣ್ಣದ ಪುಡಿಯ, ಕಣಗಳನ್ನು ಮೇಲೆಯೇ ಹಿಡಿದು ನಿಲ್ಲಿಸುತ್ತದೆ, ಆದ್ದರಿಂದ ಅದೇ ಇಂಕಿನಲ್ಲಿ ಕಪ್ಪು ಹೆಚ್ಚು ಕಪ್ಪಾಗಿಯೂ ಅಕ್ಷರದ ಅಂಚು ಹೆಚ್ಚು ಚೂಪಾಗಿಯೂ ಕಾಣುತ್ತದೆ. ಪ್ರಿಂಟರನ್ನು ಆರಿಸುವ ಮುನ್ನ ಕಾಗದವನ್ನು ಆರಿಸಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಇನ್ನು ಖರ್ಚಿನ ವಿಷಯ. ಇದರಲ್ಲಿ ಹೆಚ್ಚಿನವರು ಮಾಡುವ, ಮೊದಲು ನಾನೂ ಮಾಡಿದ ತಪ್ಪೆಂದರೆ ಪ್ರತಿ ಪುಟಕ್ಕೆ ಎಷ್ಟು ಎಂಬ ಒಂದೇ ಅಂಕಿಯನ್ನು ಹಿಡಿದು ಹೋಲಿಸುವುದು. ಆಫ್‌ಸೆಟ್‌ನಲ್ಲಿ ಕಾಗದದ ಮೇಲೆ ಕೂರುವ ಇಂಕಿನ ಪದರ ಸುಮಾರು ಒಂದು ಮೈಕ್ರಾನ್ ದಪ್ಪದ್ದು, ಇಂಕು ಬರುವುದು ಕಿಲೋ ಡಬ್ಬಿಗಳಲ್ಲಿ. ಹಾಳೆಯ ತುಂಬ ಬಣ್ಣವಿದ್ದರೂ, ನಾಲ್ಕು ಸಾಲು ಅಕ್ಷರವಿದ್ದರೂ ಒಟ್ಟು ಖರ್ಚಿನಲ್ಲಿ ಆಗುವ ವ್ಯತ್ಯಾಸ ಅಲ್ಪ. ಇಂಕ್‌ಜೆಟ್‌ನಲ್ಲಿ ಬಣ್ಣ ಮೂರು ಪಟ್ಟಾದರೆ ಇಂಕಿನ ಖರ್ಚೂ ಸರಿಯಾಗಿ ಮೂರು ಪಟ್ಟಾಗುತ್ತದೆ.

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಕಾಗದ ಎರಡಕ್ಕೂ ಸಮಾನ, ಅದನ್ನು ಬಿಡೋಣ. ಸಾಧಾರಣ ಬಣ್ಣದ ಒಂದು ಪುಟಕ್ಕೆ ಇಂಕ್‌ಜೆಟ್‌ನಲ್ಲಿ ತಗಲುವ ಖರ್ಚನ್ನು 1 ಪಾಲು ಎಂದು ಹಿಡಿದರೆ, ಆಫ್‌ಸೆಟ್‌ನ ಪ್ಲೇಟು, ತೊಳೆಯುವಿಕೆ ಮತ್ತು ಸಿದ್ಧತೆಯ ಹಾಳೆಗಳು ಸೇರಿ 600 ಪಾಲು, ಆಮೇಲೆ ಪ್ರತಿ ಪುಟಕ್ಕೆ 0.2 ಪಾಲು ಎಂದಿರಲಿ. 600ನ್ನು ಪುಟವೊಂದರ ವ್ಯತ್ಯಾಸವಾದ 0.8ರಿಂದ ಭಾಗಿಸಿದರೆ 750 ಬರುತ್ತದೆ. ಅದಕ್ಕಿಂತ ಕಡಿಮೆ ಪ್ರತಿಗಳಿಗೆ ಇಂಕ್‌ಜೆಟ್ ಅಗ್ಗ, ಹೆಚ್ಚಿಗೆ ಆಫ್‌ಸೆಟ್ ಅಗ್ಗ. ಅದೇ ಕೆಲಸದ ಹಿನ್ನೆಲೆಗೆ ದಟ್ಟ ಬಣ್ಣ ತುಂಬಿದಾಗ ಇಂಕ್‌ಜೆಟ್ ಪುಟದ ಖರ್ಚು 3 ಪಾಲಿಗೆ, ಆಫ್‌ಸೆಟ್ ಪುಟದ್ದು 0.3 ಪಾಲಿಗೆ ಏರಿತೆನ್ನೋಣ. ಆಗ ಗಡಿ ಬರುವುದು 222 ಪ್ರತಿಗಳಿಗೇ. ಒಂದೇ ಪ್ರಿಂಟರು, ಒಂದೇ ಇಂಕು, ವಿನ್ಯಾಸ ಮಾತ್ರ ಬದಲಾದದ್ದು, ಆದರೂ ಗಡಿ ಮೂರನೇ ಒಂದಕ್ಕಿಂತ ಕೆಳಕ್ಕಿಳಿಯಿತು. ಬರೀ ಕಪ್ಪು ಅಕ್ಷರಗಳ ಕೆಲಸವಾದರೆ ಪ್ಲೇಟು ಒಂದೇ ಸಾಕು, ಇತ್ತ ಇಂಕ್‌ಜೆಟ್‌ನ ಖರ್ಚೂ ಕುಸಿಯುತ್ತದೆ. 150 ಪಾಲು ಸಿದ್ಧತೆಗೆ, ಪುಟಕ್ಕೆ 0.1 ಪಾಲು ಆಫ್‌ಸೆಟ್‌ಗೆ, 0.25 ಪಾಲು ಇಂಕ್‌ಜೆಟ್‌ಗೆ ಎಂದರೆ ಗಡಿ 1,000ಕ್ಕೆ ಹೋಗುತ್ತದೆ. ಈ ಪಾಲುಗಳು ಉದಾಹರಣೆಗಷ್ಟೇ. ನಿಮ್ಮ ಅಂಕಿಗಳನ್ನು ಹಾಕಿ ನೀವೇ ಭಾಗಿಸಿ ನೋಡಬೇಕು. ಎಷ್ಟು ಪ್ರತಿಗಳವರೆಗೆ ಇಂಕ್‌ಜೆಟ್ ಲಾಭಕರ ಎಂದು ಯಾರಾದರೂ ಒಂದೇ ಅಂಕಿ ಹೇಳಿದರೆ, ಯಾವ ವಿನ್ಯಾಸಕ್ಕೆ ಎಂದು ಕೇಳದೆ ಒಪ್ಪಬೇಡಿ.

ಬಾಟಲಿಯ ಮೇಲೆ ಅಚ್ಚಾಗಿರುವ ಪುಟಗಳ ಸಂಖ್ಯೆಯನ್ನೂ ಹೀಗೆಯೇ ಪರೀಕ್ಷಿಸಿ ನೋಡಬೇಕು. ಆ ಬಗೆಯ ಅಂಕಿಗಳಿಗೆ ಆಧಾರವಾಗಿರುವ ಐಎಸ್‌ಒ/ಐಇಸಿ 24712 ಎಂಬ ಮಾನದಂಡದಲ್ಲಿ ಐದು ಪುಟಗಳ ಒಂದು ಗುಚ್ಛವಿದೆ, ಅದು ಕಚೇರಿಯ ಸಾಮಾನ್ಯ ದಾಖಲೆಗಳನ್ನು ಹೋಲುತ್ತದೆ. ಮುಖಪುಟದ ತುಂಬ ಚಿತ್ರವಿರುವ ಕಾರ್ಯಕ್ರಮ ಪಟ್ಟಿಗೂ ಆ ಗುಚ್ಛಕ್ಕೂ ಹೋಲಿಕೆಯೇ ಇಲ್ಲ. ದಿನಗಟ್ಟಲೆ ನಿಲ್ಲಿಸಿ ಮತ್ತೆ ಆರಂಭಿಸಿದಾಗ ಹೆಡ್ ಕ್ಲೀನಿಂಗ್‌ಗೆ, ಅಂದರೆ ನಾಸಲ್‌ಗಳಿರುವ ಹೆಡ್ಡನ್ನು ಇಂಕು ಹರಿಸಿ ಶುಚಿ ಮಾಡಲು, ಹೋಗುವ ಇಂಕು ಕೂಡ ಹಾಗೆ ಎಣಿಸಿದ ಪುಟಗಳಲ್ಲಿ ಕಾಣಿಸುವುದಿಲ್ಲ.

ಹೆಡ್ ಕ್ಲೀನಿಂಗ್ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. ಆಫ್‌ಸೆಟ್ ಯಂತ್ರಕ್ಕೆ ಕಾಯುವ ತಾಳ್ಮೆಯಿದೆ. ಕೆಲಸ ಮುಗಿದ ಮೇಲೆ ರೋಲರ್ ತೊಳೆದು, ಪ್ಲೇಟಿಗೆ ಕಾಪಾಗಿ ಗಂ ಎಂಬ ಅಂಟಿನ ದ್ರವ ಹಚ್ಚಿಟ್ಟರೆ, ಎರಡು ವಾರ ಬಿಟ್ಟು ಬಂದರೂ ಅದು ಮುನಿಸಿಕೊಳ್ಳುವುದಿಲ್ಲ. ಇಂಕ್‌ಜೆಟ್ ನಾಸಲ್‌ನ ಬಾಯಿ ಕೂದಲೆಳೆಗಿಂತ ಕಿರಿದು, ಒಳಗಿನ ನೀರು ಆರಿದರೆ ಬಣ್ಣ ಅಲ್ಲೇ ಗಟ್ಟಿಯಾಗುತ್ತದೆ. ಕೆಲಸವಿಲ್ಲದ ಒಂದು ವಾರ ಕಳೆದು ಬಂದು ನಾಸಲ್ ಚೆಕ್ ಮುದ್ರಿಸಿದಾಗ ಹಳದಿಯ ಸಾಲುಗಳಲ್ಲಿ ಹಲ್ಲು ಬಿದ್ದಂತೆ ಖಾಲಿ ಜಾಗಗಳಿದ್ದವು. ಮೂರು ಸಲ ಕ್ಲೀನಿಂಗ್ ಓಡಿಸಬೇಕಾಯಿತು, ಆ ಇಂಕೆಲ್ಲ ವ್ಯರ್ಥ ಇಂಕು ತುಂಬಿಕೊಳ್ಳುವ ಮೆಂಟೆನೆನ್ಸ್ ಬಾಕ್ಸ್ ಸೇರಿತು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಒಂದು ಪುಟದಲ್ಲಿ ಎಲ್ಲ ಬಣ್ಣಗಳನ್ನೂ ಓಡಿಸುವುದು ನನ್ನ ಮೊದಲ ಕೆಲಸವಾಗಿದೆ. ಹೆಡ್‌ಗಳಲ್ಲಿಯೂ ಎರಡು ಜಾತಿ. ಥರ್ಮಲ್ ಹೆಡ್‌ನಲ್ಲಿ ಒಂದು ಪುಟ್ಟ ಹೀಟರ್ ಇಂಕಿನ ತೆಳುಪದರವನ್ನು ಕ್ಷಣಾರ್ಧದಲ್ಲಿ ಆವಿ ಮಾಡುತ್ತದೆ, ಆ ಗುಳ್ಳೆ ಹನಿಯನ್ನು ಹೊರದಬ್ಬುತ್ತದೆ. ಅದು ಸವೆಯುವ ಭಾಗವಾದ್ದರಿಂದ ಬದಲಿಸುವುದು ಸುಲಭವಿರುವಂತೆ ಮಾಡಿರುತ್ತಾರೆ. ಪೀಜೊ ಹೆಡ್‌ನಲ್ಲಿ ವಿದ್ಯುತ್ತು ತಾಗಿದಾಗ ಆಕಾರ ಬದಲಿಸುವ ವಸ್ತು ಇಂಕನ್ನು ಒತ್ತುತ್ತದೆ. ಬಾಳಿಕೆ ಹೆಚ್ಚು, ಆದರೆ ಕೆಟ್ಟರೆ ದುರಸ್ತಿಗಿಂತ ಹೊಸ ಪ್ರಿಂಟರೇ ಲೇಸು ಎನ್ನುವಷ್ಟು ದುಬಾರಿಯಾಗಬಹುದು.

ವೇಗದ ಬಗ್ಗೆ ಬಹಳ ಹೇಳಬೇಕಿಲ್ಲ. 1,000 ಎ4 ಪುಟಗಳನ್ನು ಒಂದು ಹಾಳೆಗೆ ಎರಡರಂತೆ ಜೋಡಿಸಿ ಗಂಟೆಗೆ 6,000ದ ವೇಗದಲ್ಲಿ ಓಡಿಸಿದರೆ ಆಫ್‌ಸೆಟ್‌ಗೆ ಪ್ರತಿ ಬಣ್ಣಕ್ಕೆ 5 ನಿಮಿಷ, ನಾಲ್ಕು ಬಣ್ಣಕ್ಕೆ 20 ನಿಮಿಷ. ನಿಮಿಷಕ್ಕೆ 24 ಪುಟದ ಇಂಕ್‌ಜೆಟ್‌ಗೆ ಸುಮಾರು 42 ನಿಮಿಷ. ಆದರೆ ಆ 20 ನಿಮಿಷದ ಓಟಕ್ಕೆ ಹಿಂದೆ ಗಂಟೆಗಟ್ಟಲೆ ಸಿದ್ಧತೆಯಿದೆ, ಈ 42 ನಿಮಿಷದ ಹಿಂದೆ ಟ್ರೇಗೆ ಕಾಗದ ತುಂಬುವುದಷ್ಟೇ ಇದೆ. ಸಣ್ಣ ಕೆಲಸಗಳ ದಿನದಲ್ಲಿ ಗೆಲ್ಲುವುದು ಇಂಕ್‌ಜೆಟ್. ಆದರೂ ತಯಾರಕರು ತಿಂಗಳಿಗೆ ಇಷ್ಟು ಪುಟ ಎಂದು ಶಿಫಾರಸು ಮಾಡಿದ ಮಿತಿಯನ್ನೂ, ಅದಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣಿಸುವ ಗರಿಷ್ಠ ಸಾಮರ್ಥ್ಯವನ್ನೂ ಒಂದೇ ಎಂದು ತಿಳಿಯಬಾರದು. ನಾವು ನೋಡಬೇಕಾದದ್ದು ಮೊದಲನೆಯದನ್ನು.

ಆಫ್‌ಸೆಟ್ ಮಾಡಲಾರದ್ದನ್ನು ಇಂಕ್‌ಜೆಟ್ ಮಾಡುವ ಜಾಗ ನನಗೆ ನಿಜವಾಗಿ ಸಂತೋಷ ಕೊಟ್ಟಿತು. ಪ್ಲೇಟ್ ಇಲ್ಲದ್ದರಿಂದ ಪ್ರತಿ ಪ್ರತಿಯೂ ಬೇರೆಯಾಗಿರಬಹುದು. ಪ್ರಮಾಣಪತ್ರದಲ್ಲಿ ಪ್ರತಿಯೊಬ್ಬರ ಹೆಸರು ಅಚ್ಚಾಗಿಯೇ ಬರುತ್ತದೆ, ರಸೀದಿಯ ಸಂಖ್ಯೆಗೆ ನಂಬರಿಂಗ್ ಬಾಕ್ಸ್ ಕಟ್ಟಬೇಕಿಲ್ಲ. ಲಕೋಟೆಗಳಲ್ಲಂತೂ ಇದು ಲೇಸರ್ ಪ್ರಿಂಟರನ್ನೂ ಮೀರಿಸಿತು, ಏಕೆಂದರೆ ಲೇಸರ್‌ನಲ್ಲಿ ಟೋನರ್ ಪುಡಿಯನ್ನು ಕರಗಿಸಿ ಅಂಟಿಸುವ ಫ್ಯೂಸರಿನ ಬಿಸಿಗೆ ಲಕೋಟೆ ಸುಕ್ಕಾಗುತ್ತದೆ, ಅಂಟು ಕರಗುತ್ತದೆ. ಇಂಕ್‌ಜೆಟ್‌ನಲ್ಲಿ ಕಾಗದವನ್ನು ಹಾಗೆ ಬೇಯಿಸುವ ಹಂತವೇ ಇಲ್ಲ. ಲೆಟರ್‌ಹೆಡ್‌ಗೂ ಇದೇ ಅನುಕೂಲ. ಟೋನರ್‌ನಲ್ಲಿ ಮುದ್ರಿಸಿದ ಲೆಟರ್‌ಹೆಡ್ಡನ್ನು ಗಿರಾಕಿ ತನ್ನ ಲೇಸರ್ ಪ್ರಿಂಟರಿಗೆ ಹಾಕಿದಾಗ ಅದು ಮತ್ತೆ ಮೆತ್ತಗಾಗಿ ಅಂಟಬಹುದು, ಒಣಗಿದ ಪಿಗ್‌ಮೆಂಟ್ ಇಂಕಿಗೆ ಆ ಭಯವಿಲ್ಲ. ಆದರೆ ಪಿಗ್‌ಮೆಂಟ್ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಡೈ ಇಂಕಿನ, ಅಂದರೆ ಬಣ್ಣ ನೀರಿನಲ್ಲಿ ಕರಗಿರುವ ಇಂಕಿನ, ಹಾಳೆಯ ಮೇಲೆ ಒಂದು ತೊಟ್ಟು ನೀರು ಬಿದ್ದರೆ ಹೆಸರೂ ವಿಳಾಸವೂ ಹರಿದುಹೋಗುತ್ತವೆ. ಬಿಲ್ ಪುಸ್ತಕವನ್ನು ಡೈ ಇಂಕಿನಲ್ಲಿ ಮುದ್ರಿಸಿ ಕೊಡುವುದು ಗಿರಾಕಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಚಿನ್ನದ ಬಣ್ಣ, ಬೆಳ್ಳಿಯ ಬಣ್ಣ, ಸಂಸ್ಥೆಯ ಗುರುತಿಗೆಂದೇ ಕಲಸಿ ಮಾಡಿದ ಒಂದು ನಿಶ್ಚಿತ ಕೆಂಪು, ಇವು ಆಫ್‌ಸೆಟ್‌ನಲ್ಲಿ ಒಂದು ಡಬ್ಬಿ ಇಂಕಿನ ಮಾತು. ಈ ಮೇಜಿನ ಪ್ರಿಂಟರಿಗೆ ಲೋಹದ ಹೊಳಪು ಬರುವುದಿಲ್ಲ, ಕೆಂಪನ್ನು ನಾಲ್ಕು ಬಣ್ಣದ ಚುಕ್ಕಿಗಳಿಂದ ಹೋಲುವಂತೆ ಮಾಡಬಹುದಷ್ಟೇ. ಕಾಗದದ ಮರುಬಳಕೆಯಲ್ಲೂ ಒಂದು ತೊಡಕಿದೆ. ಹಳೆಯ ಕಾಗದದಿಂದ ಇಂಕು ಬಿಡಿಸುವ ತೇಲಿಕೆಯ ವಿಧಾನದಲ್ಲಿ ಗಾಳಿಗುಳ್ಳೆಗಳು ನೀರೊಲ್ಲದ ಕಣಗಳನ್ನು ಹಿಡಿದು ಮೇಲಕ್ಕೆ ತರುತ್ತವೆ; ನೀರಿನಲ್ಲಿ ಬೆರೆಯುವ ಇಂಕ್‌ಜೆಟ್ ಇಂಕು ಅವಕ್ಕೆ ಸಿಕ್ಕದೆ ತಿರುಳಿನಲ್ಲೇ ಉಳಿದುಬಿಡುತ್ತದೆ. ಹಾಗೆಂದು ಆಫ್‌ಸೆಟ್ ಶುದ್ಧವೆಂದಲ್ಲ. ರೋಲರ್ ತೊಳೆಯುವ ದ್ರಾವಕದ ವಾಸನೆಯನ್ನು ವರ್ಷಗಟ್ಟಲೆ ಉಸಿರಾಡುವವರು ಯಂತ್ರದ ಮುಂದೆ ನಿಂತ ನಮ್ಮವರೇ, ಅದನ್ನು ಲೆಕ್ಕದಿಂದ ಹೊರಗಿಡಲು ನನಗೆ ಮನಸ್ಸಿಲ್ಲ.

ಇದಕ್ಕಿಂತ ದೊಡ್ಡ ಇಂಕ್‌ಜೆಟ್‌ಗಳಿವೆ. ಮೆಮ್‌ಜೆಟ್ ತಂತ್ರದ ಹೆಡ್ ಒಂದರಲ್ಲಿ 70,400 ನಾಸಲ್‌ಗಳಿದ್ದು, ಹೆಡ್ ಅಲುಗಾಡದೆ ಕಾಗದವೇ ಅದರ ಕೆಳಗೆ ಸಾಗುತ್ತದೆ. ರಿಸೊ ಕಾಮ್‌ಕಲರ್ ಯಂತ್ರಗಳು ಎಣ್ಣೆ ಆಧಾರಿತ ಇಂಕನ್ನೇ ಬಳಸುವುದರಿಂದ ಕಾಗದ ಸುಕ್ಕಾಗುವುದು ಬಹಳ ಕಡಿಮೆ, ವೇಗ ನಿಮಿಷಕ್ಕೆ 100 ಪುಟಕ್ಕೂ ಹೆಚ್ಚು, ಆದರೆ ಬಣ್ಣ ಆಫ್‌ಸೆಟ್‌ನಷ್ಟು ಗಾಢವಲ್ಲ. ಫುಜಿಫಿಲ್ಮ್ ಜೆಟ್ ಪ್ರೆಸ್‌ನಂತಹ ಯಂತ್ರಗಳು ಆಫ್‌ಸೆಟ್ ಕಾಗದವನ್ನೇ ತೆಗೆದುಕೊಂಡು, ಮೊದಲು ಇಂಕು ಹಿಡಿಯುವಂತೆ ಪ್ರೈಮರ್ ದ್ರವ ಹಚ್ಚಿ ಆಫ್‌ಸೆಟ್‌ಗೆ ಸರಿಗಟ್ಟುವ ಗುಣಮಟ್ಟ ಕೊಡುತ್ತವೆ. ಅವು ಇಬ್ಬರು ಮೂವರು ನಡೆಸುವ ಮುದ್ರಣಾಲಯದ ಅಳತೆಯವಲ್ಲ.

ಹೀಗಾಗಿ ನಾನು ಆಫ್‌ಸೆಟ್ ಯಂತ್ರವನ್ನು ಮಾರುತ್ತಿಲ್ಲ, ಅದರಿಂದ ಕೆಲವು ಕೆಲಸಗಳನ್ನು ಮಾತ್ರ ಬಿಡಿಸುತ್ತಿದ್ದೇನೆ. ಬಿಳಿ ಜಾಗ ಹೆಚ್ಚಿರುವ, ಲೇಪನವಿಲ್ಲದ ಕಾಗದದ, ಕೆಲವು ನೂರರೊಳಗಿನ ಬಣ್ಣದ ಕೆಲಸಗಳು, ಲಕೋಟೆಗಳು ಮತ್ತು ಹೆಸರು ಬದಲಾಗುವ ಪ್ರಮಾಣಪತ್ರಗಳು ಇಂಕ್‌ಜೆಟ್‌ಗೆ ಹೋಗುತ್ತವೆ. ದಟ್ಟ ಹಿನ್ನೆಲೆ, ಆರ್ಟ್ ಪೇಪರ್, ನಿಶ್ಚಿತ ಬಣ್ಣ, ಸಾವಿರಕ್ಕೆ ಮೀರಿದ ಎಣಿಕೆ ಆಫ್‌ಸೆಟ್‌ನಲ್ಲೇ ಉಳಿಯುತ್ತವೆ. ನಡುವೆ ಉಳಿದ ಕೆಲಸಗಳಿಗಾಗಿ ಆರ್ಡರ್ ಪುಸ್ತಕದಲ್ಲಿ ಎರಡು ಹೊಸ ಅಂಕಣ ಎಳೆದಿದ್ದೇನೆ. ಒಂದರಲ್ಲಿ ಪುಟದ ಎಷ್ಟು ಭಾಗ ಬಣ್ಣದಿಂದ ತುಂಬಿದೆ ಎಂಬುದನ್ನೂ, ಇನ್ನೊಂದರಲ್ಲಿ ಕೆಲಸದ ಮೊದಲು ಮತ್ತು ನಂತರ ಟ್ಯಾಂಕಿನ ಇಂಕು ಯಾವ ಗೆರೆಯಲ್ಲಿತ್ತು ಎಂಬುದನ್ನೂ ಬರೆಯುತ್ತಿದ್ದೇನೆ. ಮುಂದಿನ ವಿಡಿಯೊದಲ್ಲಿ ಆ ಪುಟಗಳನ್ನೇ ಕ್ಯಾಮೆರಾದ ಮುಂದೆ ತೆರೆದಿಡುತ್ತೇನೆ, ಕಿಟಕಿಯ ಬಿಸಿಲಿಗೆ ಅಂಟಿಸಿರುವ ಈ ಎರಡು ಹಾಳೆಗಳಲ್ಲಿ ಯಾವುದು ಎಷ್ಟು ಮಾಸಿದೆ ಎಂಬುದನ್ನೂ ಆಗಲೇ ನೋಡೋಣ.