ಟ್ಯಾಂಕರಿನ ಬೆನ್ನಿನ ಮೇಲಿನ 'ಇನ್'

ಎಲ್ಲರಿಗೂ ನಮಸ್ಕಾರ. ಇವತ್ತು ಸುರತ್ಕಲ್ ಕಡೆಯಿಂದ ಮಂಗಳೂರಿಗೆ ಬರುವಾಗ ನಮ್ಮ ಬಸ್ಸು ಒಂದು ಪೆಟ್ರೋಲ್ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡಿತು. ಅದರ ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ 'ಹೈಲಿ ಇನ್‌ಫ್ಲೇಮಬಲ್' ಅಂತ ಬರೆದಿತ್ತು. ಪಕ್ಕದಲ್ಲಿ ಕೂತ ಹುಡುಗ ಕೇಳಿದ: "ಇನ್‌ಕರೆಕ್ಟ್ ಅಂದ್ರೆ ಸರಿ ಇಲ್ಲ. ಹಾಗಾದ್ರೆ ಇದು ಬೆಂಕಿ ಹಿಡಿಯುದಿಲ್ಲ ಅಂತ ಆಯ್ತಲ್ವಾ ಸರ್?"

ಒಳ್ಳೆಯ ಪ್ರಶ್ನೆಯೇ. ಈ ಪದದ ತವರು ಲ್ಯಾಟಿನ್. ಅಲ್ಲಿ 'ಇನ್' ಎರಡು ಉಂಟು. ಒಂದಕ್ಕೆ 'ಇಲ್ಲ' ಅಂತ ಅರ್ಥ, ಇನ್ನೊಂದಕ್ಕೆ 'ಒಳಗೆ' ಅಂತ. ಟ್ಯಾಂಕರಿನದ್ದು ಎರಡನೆಯದು. ಉರಿ ಒಳಗೆ ಹೊಕ್ಕು ಹೊತ್ತಿಕೊಳ್ಳುವಂಥದ್ದು. ಈ ಗೊಂದಲದಲ್ಲಿ ಯಾರದ್ದಾದರೂ ಜೀವ ಹೋದೀತು ಅಂತ ಅಮೆರಿಕದ ಅಗ್ನಿ ಸುರಕ್ಷತೆಯವರು ಕಳೆದ ಶತಮಾನದಲ್ಲೇ 'ಇನ್' ಕಿತ್ತುಹಾಕಿ, ಬರೀ 'ಫ್ಲೇಮಬಲ್' ಅಂತ ಬರೆಯಿರಿ ಎಂದರು. ನಾನು ನೋಡಿದ ಟ್ಯಾಂಕರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇವತ್ತು ನನಗೆ ಬೇಕಾದದ್ದು 'ಇಲ್ಲ' ಅನ್ನುವ 'ಇನ್'. ಇದು ಮುಂದಿನ ಅಕ್ಷರ ನೋಡಿ ವೇಷ ಬದಲಿಸುತ್ತದೆ. ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್. ಶಾಲೆಯಲ್ಲಿ ಸಂಧಿ ಉರು ಹೊಡೆದ ನಮಗೆ ಇದೇನು ಹೊಸತಲ್ಲ. ಇದಕ್ಕೆ ಇಬ್ಬರು ಅಣ್ಣತಮ್ಮಂದಿರು. ಅನ್‌ಹ್ಯಾಪಿಯಲ್ಲಿರುವ 'ಅನ್' ಇಂಗ್ಲಿಷಿನ ಹಳೆಯ ಸ್ವತ್ತು. ಅನಾರ್ಕಿಯಲ್ಲಿರುವುದು ಗ್ರೀಕಿನಿಂದ ಬಂದದ್ದು. ನಾಲ್ಕನೆಯವ ನಮ್ಮ ಮನೆಯಲ್ಲೇ ಇದ್ದಾನೆ: ಸಂಸ್ಕೃತದ 'ಅ'.

ಸುಮ್ನೆ ಹೇಳುವುದಲ್ಲ. ಅನ್‌ನೋನ್, ಇಗ್ನೊರಂಟ್, ಅಗ್ನಾಸ್ಟಿಕ್, ಅಜ್ಞಾತ. ನಾಲ್ಕನ್ನೂ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ನಾಲ್ಕರಲ್ಲೂ ಮೊದಲು 'ಇಲ್ಲ', ಆಮೇಲೆ 'ತಿಳಿ' ಅನ್ನುವ ಒಂದೇ ಬೇರು. ತಿಳಿಯುವುದು ಅನ್ನುವ ಅರ್ಥದ ಇಂಗ್ಲಿಷಿನ 'ನೋ' ಬರೆಯುವಾಗ ಮುಂದೆ ಒಂದು 'ಕೆ' ಸದ್ದಿಲ್ಲದೆ ಕೂತಿರುತ್ತದೆ. ಮಕ್ಕಳಿಗೆ ಅದೊಂದು ತಲೆನೋವು. ಆದರೆ ಆ 'ಕೆ'ಯೇ ನಮ್ಮ 'ಜ್ಞಾ'ದ 'ಜ'ಕಾರದ ದಾಯಾದಿ. ಹಾಗೆಯೇ ಅಮೃತ, ಇಮ್ಮಾರ್ಟಲ್, ಗ್ರೀಕ್ ದೇವತೆಗಳು ಉಣ್ಣುವ ಆಂಬ್ರೋಸಿಯಾ. ಮೂರೂ 'ಸಾವಿಲ್ಲದ್ದು' ಅನ್ನುವ ಒಂದೇ ಮಾತು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕು ಅಂತ ಬ್ರಿಟಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದ. ಇಂಥ ಜೋಡಿಗಳು ಕಣ್ಣಿಗೆ ಬಿದ್ದರೆ ಯಾರಿಗಾದರೂ ಹಾಗೆ ಅನಿಸಲೇಬೇಕು.

'ನಮ್ಮ ಮನೆಯಲ್ಲಿ' ಅಂದೆ. ಆದರೆ ಈ 'ಅ' ಕನ್ನಡದ ಮನೆಯಲ್ಲಿ ಹುಟ್ಟಿದವನಲ್ಲ, ಬಂದು ಉಳಿದ ನೆಂಟ. ತನ್ನ ಕಡೆಯವರ ಜೊತೆಗೇ ಜಾಸ್ತಿ ಬಳಕೆ. ನ್ಯಾಯಕ್ಕೆ ಅನ್ಯಾಯ ಉಂಟು. ಊಟಕ್ಕೆ 'ಅನೂಟ' ಅಂತ ಮಾಡಿದರೆ ಯಾರೂ ಎಲೆ ಹಾಕುವುದಿಲ್ಲ. ಕನ್ನಡಕ್ಕೆ, ತುಳುವಿಗೆ 'ಇಲ್ಲ' ಬರುವುದು ಬಾಲದಲ್ಲಿ. ಊಟ ಇಲ್ಲ. ಕಾಸ್ ಇಜ್ಜಿ. ಕೊನೆಯವರೆಗೆ ಕಾಯಬೇಕು, ಆಗಲೇ ಗೊತ್ತಾಗುವುದು.

ಹಳೆಯ ಕನ್ನಡದ ಕ್ರಿಯಾಪದಕ್ಕಂತೂ 'ಇಲ್ಲ' ಅನ್ನುವ ಪದವೇ ಬೇಕಾಗಿರಲಿಲ್ಲ. ಕ್ರಿಯಾಪದಕ್ಕೆ ಕಾಲದ ಪ್ರತ್ಯಯ ಸೇರಿಸದೆ ಬಿಟ್ಟರೆ ಮುಗಿಯಿತು. ಕಾಣುತ್ತೇನೆ ಅಂದರೆ ಕಾಣುತ್ತೇನೆ, ಕಾಣೆ ಅಂದರೆ ಕಾಣುವುದಿಲ್ಲ. ನಮ್ಮ ಕರಾವಳಿಯ ಕಾಣೆ ಮೀನಲ್ಲ ಮಾರಾಯ್ರೆ! ಮೀನಿನದ್ದೂ ಹೇಳುತ್ತೇನೆ. ನನ್ನ ಅಪ್ಪ ಬಂದರಿಗೆ ಹೋಗಿ ಖಾಲಿ ಚೀಲ ಹಿಡಿದು ಬಂದ ದಿನ, ಅಮ್ಮ ಕೇಳುವ ಮೊದಲೇ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು: "ಇವತ್ತು ಕಾಣೆ ಕಾಣೆ." ಮೊದಲನೆಯದು ಮೀನು. ಎರಡನೆಯದರಲ್ಲಿ 'ಇಲ್ಲ' ಎಲ್ಲಿ ಅಡಗಿದೆ, ನೀವೇ ಹುಡುಕಿ.